ಚಂದ್ರದ್ರೋಣದ ಕೊನೇ ದಿನ: ಹಿಂದೆ ಯಾರು ನಡೆಯುತ್ತಾರೆ ಅಂತ ಮೊದಲು ಕೇಳಿ

ನವೆಂಬರ್ ಕೊನೇ ವಾರ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನಡೆದು ಬಂದೆವು. ಮುಳ್ಳಯ್ಯನಗಿರಿಯಿಂದ ಶುರು ಮಾಡಿ ಬಾಬಾಬುಡನ್‌ಗಿರಿ, ಗಾಳಿಕೆರೆ, ಕೆಮ್ಮಣ್ಣುಗುಂಡಿ ದಾಟಿ ಕಲ್ಲತ್ತಿಗಿರಿಗೆ ಇಳಿದೆವು. ಒಟ್ಟು ನಾಲ್ಕು ದಿನ. ನಾವು 14 ಜನ. ಕರೆದುಕೊಂಡು ಹೋದವರು ಚಿಕ್ಕಮಗಳೂರಿನ ಒಂದು ಸಣ್ಣ ತಂಡ, ಮೂರೇ ಜನ ಸೇರಿ ನಡೆಸುತ್ತಾರೆ. ಹೆಸರು ಹಾಕುತ್ತಿಲ್ಲ. ಹೊಗಳುವುದು ಬಹಳ ಇದೆ, ಜೊತೆಗೆ ಮೂರ್ನಾಲ್ಕು ದೂರೂ ಇದೆ. ದೂರನ್ನು ಅವರ ಎದುರಿಗೇ ಕೂತು ಹೇಳಿ ಬಂದಿದ್ದೇನೆ. ಇಲ್ಲಿ ಬರೆಯುವುದು ನಿಮಗಾಗಿ. ಇಂಥ ನಡಿಗೆಗೆ ದುಡ್ಡು ಕಟ್ಟುವ ಮೊದಲು ಏನೇನು ಕೇಳಿಕೊಳ್ಳಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ನಾನು ಹಾಸನದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. 26 ವರ್ಷ ಆಯಿತು. ವಯಸ್ಸು 51. ದಿನಾ ಎಂಟು ಒಂಬತ್ತು ಗಂಟೆ ಕೂತು ಮಾಡುವ ಕೆಲಸ. ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, ‘ಚಿಕ್ಕಮ್ಮ, ನೀನು ಬಂದ್ರೆ ಮಾತ್ರ ನಾನು ಹೋಗೋದು’ ಅಂದಳು. ದೀಪಾವಳಿ ಬ್ಲೌಸುಗಳೆಲ್ಲ ಕೊಟ್ಟು ಮುಗಿದಿತ್ತು. ಒಂದು ತಿಂಗಳು ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ನಡೆದು ಅಭ್ಯಾಸ ಮಾಡಿಕೊಂಡು ಹೊರಟೆ.

ಒಬ್ಬರಿಗೆ 8,200 ರೂಪಾಯಿ. ಊಟ, ಉಳಿಯುವ ಜಾಗ, ಅರಣ್ಯ ಇಲಾಖೆಯ ಶುಲ್ಕ, ದೊಡ್ಡ ಸಾಮಾನು ಸಾಗಿಸುವ ಜೀಪು ಎಲ್ಲ ಸೇರಿ. ಬೆನ್ನಿಗೆ ಹಾಕುವ ಬ್ಯಾಗ್ ಬಾಡಿಗೆ ಬೇಕಿದ್ದರೆ ಬೇರೆ 300. ಹೊರಡುವ ನಾಲ್ಕು ದಿನ ಮೊದಲೇ ಅನುಮತಿ ಕಾಗದದ ಫೋಟೋವನ್ನು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದರು. ಇದು ಸಣ್ಣ ವಿಷಯ ಅಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಂದೇ ಸಲ ಸೇರಿ ನೂಕುನುಗ್ಗಲು ಆಯಿತಲ್ಲ, ಅದಾದಮೇಲೆ ಇಲಾಖೆಯವರು ಚಾರಣಕ್ಕೆ ಬಿಗಿ ಮಾಡಿದ್ದಾರೆ. ಕಾಗದ ತೋರಿಸದೆ ‘ಬನ್ನಿ, ನಮಗೆ ಅಲ್ಲೆಲ್ಲ ಪರಿಚಯ ಇದೆ’ ಅನ್ನುವವರ ಜೊತೆ ಹೋಗಬೇಡಿ.

ಮೊದಲ ಮೂರು ದಿನ ಬೇಗ ಹೇಳಿಬಿಡುತ್ತೇನೆ. ಸರ್ಪದಾರಿಯಿಂದ ಹತ್ತಿ ಮುಳ್ಳಯ್ಯನಗಿರಿ ಮುಟ್ಟಿದಾಗ ಬರೀ ಮಂಜು. 1930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಜಾಗ, ಆದರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಎರಡನೇ ದಿನ ಬಿಸಿಲು ಬಂತು. ಬಾಬಾಬುಡನ್‌ಗಿರಿಯಲ್ಲಿ ಏಳು ಕಾಫಿ ಬೀಜದ ಕಥೆ ಕೇಳಿದೆವು. ಯೆಮನ್ ದೇಶದಿಂದ ಬಾಬಾಬುಡನ್ ತಂದ ಆ ಬೀಜಗಳ ಕಥೆ ನಮಗೆಲ್ಲ ಗೊತ್ತಿರುವುದೇ, ಆದರೂ ಆ ಬೆಟ್ಟದ ಮೇಲೇ ನಿಂತು ಕೆಳಗಿನ ತೋಟಗಳನ್ನು ನೋಡುತ್ತಾ ಕೇಳಿದರೆ ಬೇರೆ. ಮೂರನೇ ದಿನ ಬಲು ಉದ್ದ. ಗಾಳಿಕೆರೆ ದಾಟಿ ಹುಲ್ಲುಗಾವಲಿನ ಮೇಲೆ ನಡೆದೂ ನಡೆದೂ ಕತ್ತಲಾಗುವ ಹೊತ್ತಿಗೆ ಕೆಮ್ಮಣ್ಣುಗುಂಡಿ. ದಾರಿಯಲ್ಲಿ ಕುರಿಂಜಿ ಗಿಡಗಳನ್ನು ತೋರಿಸಿದರು, ಹೂ ಇಲ್ಲ. 2022ರಲ್ಲಿ ಗಿರಿಯೆಲ್ಲ ನೀಲಿ ಆಗಿತ್ತಲ್ಲ, ಅವೇ ಗಿಡಗಳ ಮರಿಗಳು. 12 ವರ್ಷಕ್ಕೆ ಒಂದು ಸಲ ಅರಳುವ ಜಾತಿ. 2034ಕ್ಕೆ ನನಗೆ 60. ಬರುತ್ತೇನೆ ಅಂತ ಹೇಳಿ ಬಂದಿದ್ದೇನೆ.

ಈ ಮೂರೂ ದಿನ ತಂಡದವರ ಕೆಲಸ ಚೆನ್ನಾಗಿಯೇ ಇತ್ತು. ಆದರೆ ಮೂರು ದಿನ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಅಲ್ವಾ? ಕಾಲಲ್ಲಿ ಶಕ್ತಿ ಇರುತ್ತದೆ, ನೋಡುವ ಆಸೆ ಇರುತ್ತದೆ. ನಾಲ್ಕನೇ ದಿನ ಹಾಗಲ್ಲ. ಅರ್ಧ ಜನರಿಗೆ ಮನೆ ನೆನಪಾಗಿರುತ್ತದೆ, ಇನ್ನರ್ಧ ಜನರಿಗೆ ಬಸ್ಸು. ನಡೆಸುವವರಿಗೂ ಒಂದು ಸಲ ಮುಗಿದರೆ ಸಾಕು ಅನ್ನಿಸಿರುತ್ತದೆ. ಮೇಲಾಗಿ ಅವತ್ತು ಪೂರ್ತಿ ಇಳಿಜಾರು. ಹತ್ತುವಾಗ ಉಸಿರು ಹೋಗುತ್ತದೆ, ಕೂತರೆ ವಾಪಸ್ ಬರುತ್ತದೆ. ಇಳಿಯುವಾಗ ಮಂಡಿ ಹೋಗುತ್ತದೆ, ಅದು ಕೂತರೂ ಬರುವುದಿಲ್ಲ. ಅದಕ್ಕೇ ನಾನು ಈ ತಂಡಕ್ಕೆ ಅಂಕ ಕೊಡುವುದು ಕೊನೇ ದಿನ ನೋಡಿ.

ಅವರ ಕೊನೇ ದಿನ ಶುರುವಾದದ್ದು ಹಿಂದಿನ ರಾತ್ರಿ. ಊಟ ಆದಮೇಲೆ ಮೂರು ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು ತಂದಿಟ್ಟು ಒಂದೊಂದು ಹಿಡಿ ಕಲ್ಲುಪ್ಪು ಹಾಕಿದರು. ಸರದಿ ಮೇಲೆ ಎಲ್ಲರೂ ಕಾಲು ಇಟ್ಟು ಕೂತೆವು. ಒರೆಸಿಕೊಂಡಮೇಲೆ ಒಂದು ನೇಲ್ ಕಟರ್ ಕೈಯಿಂದ ಕೈಗೆ ಬಂತು. ಕಾಲಿನ ಉಗುರು ಯಾಕೆ ಅಂತ ನನ್ನ ಅಕ್ಕನ ಮಗಳು ಕೇಳಿದಳು. ಇಳಿಯುವಾಗ ಇಡೀ ದಿನ ಹೆಬ್ಬೆರಳು ಶೂನ ಮೂತಿಗೆ ಗುದ್ದುತ್ತಲೇ ಇರುತ್ತದೆ, ಉಗುರು ಕೂದಲೆಳೆಯಷ್ಟು ಉದ್ದ ಇದ್ದರೂ ಸಂಜೆಗೆ ಕಪ್ಪಾಗುತ್ತದೆ ಅಂದರು. ಹೀಗೆ ಹೇಳಿದವರು ತಂಡದ ಮೂರನೆಯವರು. ಗಿರಿ ಕಡೆಯ ಊರಿನವರು, ಅರವತ್ತರ ಹತ್ತಿರ ವಯಸ್ಸು, ಮೂವತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡಿದವರು. ದಿನಾ ಎಲ್ಲರಿಗಿಂತ ಹಿಂದೆ ನಡೆಯುವುದು ಇವರ ಕೆಲಸ. ಟ್ರೆಕ್ಕಿಂಗ್ ಹುಡುಗರು ಇದಕ್ಕೆ ಸ್ವೀಪ್ ಅನ್ನುತ್ತಾರೆ. ನಾವೆಲ್ಲ ಅಣ್ಣ ಎಂದೇ ಕರೆದೆವು.

ಬೆಳಗ್ಗೆ ಐದಕ್ಕೆ ಬೆಲ್ಲದ ಕಾಫಿ. ಝಡ್ ಪಾಯಿಂಟಿಗೆ ಸೂರ್ಯೋದಯ ನೋಡಲು ಬರುವವರು ಬನ್ನಿ, ಮಲಗುವವರು ಮಲಗಿ ಅಂತ ಹಿಂದಿನ ದಿನವೇ ಹೇಳಿದ್ದರು. ಬಲವಂತ ಮಾಡಲಿಲ್ಲ, ಅದು ನನಗೆ ಹಿಡಿಸಿತು. ಆರು ಜನ ಮಲಗಿದರು, ಎಂಟು ಜನ ಹೋದೆವು. ಅಲ್ಲಿ ಗಾಳಿ ಎಷ್ಟು ಜೋರು ಅಂದರೆ ತಲೆಗೆ ಕಟ್ಟಿದ ವೇಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಹುಲ್ಲು ಆಗಲೇ ಹೊಂಬಣ್ಣಕ್ಕೆ ತಿರುಗಿತ್ತು. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕಡು ಹಸಿರು ಕಾಡು, ಸೀರೆ ನೆರಿಗೆಯೊಳಗೆ ಬಣ್ಣ ಉಳಿದ ಹಾಗೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಹಿಂದಿನ ದಿನದ ನಡಿಗೆಯಿಂದ ಕಾಲು ನೋಯುತ್ತಿದ್ದರೆ ಇದನ್ನು ಬಿಡಿ, ಮುಂದಿನ ಇಳಿಜಾರಿಗೆ ಕಾಲು ಬೇಕು. ನೋಯುತ್ತಿಲ್ಲ ಅಂದರೆ ಖಂಡಿತ ಹೋಗಿ.

ವಾಪಸ್ ಬಂದಾಗ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಬೆಣ್ಣೆ. ರೊಟ್ಟಿ ಕಾವಲಿಯಿಂದ ನೇರ ತಟ್ಟೆಗೆ. ಮಾಡುವ ಹುಡುಗ ಒಂದು ಸಲವೂ ಲೆಕ್ಕ ಕೇಳಲಿಲ್ಲ. ನಾಲ್ಕು ದಿನದ ಊಟದಲ್ಲಿ ನನಗೆ ನೆನಪಿರುವುದು ಇದೇ.

ಎಂಟೂವರೆಗೆ ಇಳಿಯಲು ಶುರು. ಹೊರಡುವ ಮೊದಲು ಅಣ್ಣ ಎಲ್ಲರನ್ನೂ ಸಾಲಾಗಿ ಕೂರಿಸಿ ಲೇಸು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ಮನೆಯಲ್ಲೇ ಕಲಿಯಬಹುದಾದ ವಿದ್ಯೆ. ಶೂನ ಮೇಲ್ಗಡೆಯ ಕೊನೇ ತೂತು ಇದೆಯಲ್ಲ, ಅದಕ್ಕೆ ಲೇಸನ್ನು ಅಡ್ಡ ಹಾಯಿಸಬೇಡಿ. ಯಾವ ಬದಿಯಿಂದ ಲೇಸು ಬಂತೋ ಅದೇ ಬದಿಯ ತೂತಿಗೆ ಇಳಿಸಿ, ನಡುವೆ ಒಂದು ಸಣ್ಣ ಕುಣಿಕೆ ಬಿಡಿ. ಎರಡೂ ಕಡೆ ಹೀಗೆ. ಆಮೇಲೆ ಎಡಗಡೆ ಲೇಸು ಬಲಗಡೆ ಕುಣಿಕೆಯೊಳಗೆ, ಬಲಗಡೆಯದು ಎಡಗಡೆ ಕುಣಿಕೆಯೊಳಗೆ. ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಪಾದವನ್ನು ಹಿಂದಕ್ಕೆ ಕೂರಿಸಿ, ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ. ಮೂರು ದಿನ ಅದೇ ಶೂನಲ್ಲಿ ನಡೆದಿದ್ದೆ. ಹೀಗೆ ಕಟ್ಟಿದಮೇಲೆ ಬೇರೆ ಶೂ ಹಾಕಿಕೊಂಡ ಹಾಗಿತ್ತು.

ಆಮೇಲೆ ಕೋಲು. ಒಬ್ಬೊಬ್ಬರಿಗೂ ಒಂದೊಂದು ಬಿದಿರು ಕೋಲು ಮೊದಲನೇ ದಿನವೇ ಕೊಟ್ಟಿದ್ದರು. ಗುರುತಿಗೆ ಬಣ್ಣದ ದಾರ ಸುತ್ತಿತ್ತು, ನನ್ನದು ನೀಲಿ. ಕೊನೇ ದಿನ ಕೋಲಿನ ಬುಡಕ್ಕೆ ಉಪ್ಪು, ಹೊಗೆಸೊಪ್ಪು ಕಟ್ಟಿದ ಸಣ್ಣ ಬಟ್ಟೆ ಗಂಟು ಬಿಗಿದರು. ಇಂಬಳಕ್ಕೆ, ಅಂದರೆ ರಕ್ತ ಹೀರುವ ಜಿಗಣೆಗೆ. ನವೆಂಬರ್ ಕೊನೆಗೆ ಮೇಲ್ಗಡೆ ಹುಲ್ಲಿನಲ್ಲಿ ಇಂಬಳ ಇರಲಿಲ್ಲ. ಕೆಳಗಿನ ನೆರಳು ದಾರಿಯಲ್ಲಿ, ಹಳ್ಳದ ಪಕ್ಕದಲ್ಲಿ ಇನ್ನೂ ಇದ್ದವು.

ನಮ್ಮ ಗುಂಪು ಒಂದು ಗಂಟೆಯಲ್ಲೇ ಹರಿದು ಹಂಚಿ ಹೋಯಿತು. ಹುಡುಗರಿಗೆ ಕಲ್ಲತ್ತಿಗಿರಿ ನೀರಿನ ಆಸೆ. ಮುಂದೆ ನಡೆಸುವ ಲೀಡರ್ ಹುಡುಗ ಅವರ ಜೊತೆ ಜೋರಾಗಿ ಹೊರಟ. ನಾನು ಬೇಕೆಂದೇ ಹಿಂದೆ ಉಳಿದೆ. ಹೊಲಿಗೆ ಮಷೀನಿನ ಪೆಡಲ್ ತುಳಿದ ಬಲಗಾಲನ್ನು ನಂಬಿ ಓಡುವ ಹಾಗಿಲ್ಲ. ನನ್ನ ಜೊತೆ ಅರಸೀಕೆರೆಯ ಒಬ್ಬರು ನಿವೃತ್ತ ಮೇಷ್ಟ್ರು, 63 ವಯಸ್ಸು, ಅವರ ಹೆಂಡತಿ, ಮತ್ತೆ ಅಣ್ಣ.

ಮೇಷ್ಟ್ರ ಬಲ ಮಂಡಿ ಹತ್ತು ಗಂಟೆಗೇ ಕೈಕೊಟ್ಟಿತು. ಬಿದ್ದಿದ್ದಲ್ಲ, ತಿರುಚಿದ್ದಲ್ಲ. ಇಳಿದೂ ಇಳಿದೂ ನೋವು ಹತ್ತಿಕೊಂಡಿತು. ಪಾಪ, ಅವರಿಗೆ ನೋವಿಗಿಂತ ನಾಚಿಕೆ ಜಾಸ್ತಿ. ‘ನಿಮಗೆಲ್ಲ ತಡ ಆಗ್ತಿದೆ, ನೀವು ಹೋಗಿ, ನಾನು ನಿಧಾನಕ್ಕೆ ಬರ್ತೀನಿ’ ಅಂತ ಹೇಳುತ್ತಲೇ ಇದ್ದರು, ಎರಡು ನಿಮಿಷಕ್ಕೊಮ್ಮೆ ವಾಚು ನೋಡುತ್ತಿದ್ದರು. ಅಣ್ಣ ಅವರ ಬ್ಯಾಗನ್ನು ತೆಗೆದು ತಮ್ಮ ಎದೆ ಕಡೆಗೆ ಹಾಕಿಕೊಂಡರು. ಬೆನ್ನಿಗೆ ಅವರದೇ ಬ್ಯಾಗ್ ಇತ್ತು. ಆಮೇಲೆ ಹೇಳಿದರು, ‘ವಾಚು ನೋಡೋದು ಬಿಡಿ ಸಾರ್. ಕಾಲು ನೋಡ್ಕೊಂಡು ಬನ್ನಿ. ಬಸ್ಸು ನಮ್ಮದೇ.’

ಮೊದಲು ಕೋಲು ಬದಲಿಸಿದರು. ಮೇಷ್ಟ್ರು ನೋವಿರುವ ಬಲಗಡೆಗೇ ಕೋಲು ಊರುತ್ತಿದ್ದರು, ನಾವೆಲ್ಲ ಹಾಗೇ ಮಾಡುತ್ತೇವೆ. ಅದನ್ನು ಎಡಗೈಗೆ ಕೊಟ್ಟರು. ಬಲಗಾಲು ಮುಂದಿಡುವಾಗ ಎಡಗೈ ಕೋಲೂ ಜೊತೆಗೇ ಊರಬೇಕು, ಆಗ ಭಾರ ಎರಡರ ಮೇಲೂ ಹಂಚಿಹೋಗುತ್ತದೆ. ಮೆಟ್ಟಿಲಿನಂಥ ಜಾಗದಲ್ಲಿ ನೋವಿರುವ ಕಾಲು ಮೊದಲು ಕೆಳಗೆ, ಆಮೇಲೆ ಗಟ್ಟಿ ಕಾಲು. ಹತ್ತುವಾಗ ಇದರ ತಿರುವುಮುರುವು. ನೇರ ಇಳಿಯಬೇಡಿ, ಹಾವಿನ ಹಾಗೆ ಅಡ್ಡಡ್ಡ ಬನ್ನಿ, ಹೆಜ್ಜೆ ಗಿಡ್ಡ ಇರಲಿ. ಹೀಗೆ ಒಂದೊಂದೇ. ನಮ್ಮ ಅಜ್ಜಿಗೆ ಮಂಡಿ ಆಪರೇಷನ್ ಆದಾಗ ಆಸ್ಪತ್ರೆಯಲ್ಲೂ ಇದನ್ನೇ ಹೇಳಿಕೊಟ್ಟಿದ್ದರು. ಅಣ್ಣ ಎಲ್ಲಿ ಕಲಿತರೋ ಕೇಳಲಿಲ್ಲ.

ಮಂಡಿಗೆ ಸುತ್ತಲು ಕ್ರೇಪ್ ಬ್ಯಾಂಡೇಜ್ ಬೇಕಿತ್ತು. ಇಲ್ಲಿದೆ ನನ್ನ ದೊಡ್ಡ ದೂರು. ಔಷಧಿ ಬ್ಯಾಗ್ ಒಂದೇ, ಅದು ಮುಂದಿರುವ ಲೀಡರ್ ಹುಡುಗನ ಹತ್ತಿರ! ಅವನು ಆಗಲೇ ಒಂದೂವರೆ ಕಿಲೋಮೀಟರ್ ಮುಂದೆ. ಫೋನ್ ಸಿಗ್ನಲ್ ಇಲ್ಲ. ಪೆಟ್ಟು ಬೀಳುವುದು, ಕಾಲು ಸೋಲುವುದು ಯಾವಾಗಲೂ ಹಿಂದಿನವರಿಗೆ. ಔಷಧಿ ಮುಂದಿದ್ದು ಏನು ಪ್ರಯೋಜನ?

ನನ್ನ ಹತ್ತಿರ ಒಂದು ಹತ್ತಿ ವೇಲು ಇತ್ತು, ಎರಡೂಕಾಲು ಮೀಟರಿನದು. ಸಣ್ಣ ಕತ್ತರಿ ಯಾವಾಗಲೂ ಬ್ಯಾಗಿನಲ್ಲಿರುತ್ತದೆ. ಹೊಲಿಯುವವರಿಗೆ ಗೊತ್ತು, ಬಟ್ಟೆಯನ್ನು ಎಳೆಯ ನೇರಕ್ಕೆ ಕತ್ತರಿಸಿದರೆ ಅದು ಹಿಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ, ಕ್ರಾಸ್ ಕತ್ತರಿಸಿದರೆ ಹಿಗ್ಗುತ್ತದೆ. ಬ್ಲೌಸಿನ ಕುತ್ತಿಗೆಗೆ ಪಟ್ಟಿ ಕೂರಿಸುವುದು ಅದಕ್ಕೇ ಕ್ರಾಸ್ ಪೀಸಿನಲ್ಲಿ. ವೇಲನ್ನು ಬಂಡೆ ಮೇಲೆ ಹಾಸಿ, ನಾಲ್ಕು ಬೆರಳು ಅಗಲಕ್ಕೆ ಕ್ರಾಸ್ ಕತ್ತರಿಸಿದೆ. ಮೂರು ಪಟ್ಟಿ ಬಂತು. ಸೂಜಿ ದಾರದಲ್ಲಿ ಜೋಡಿಸಿ ಒಂದೇ ಉದ್ದ ಮಾಡಿದೆ. ಹೊಲಿಗೆ ಚುಚ್ಚದಿರಲಿ ಅಂತ ಅಂಚನ್ನು ಹೊರಗಡೆ ಮಡಚಿದೆ. ಅಣ್ಣ ಅದನ್ನು ಮಂಡಿಚಿಪ್ಪು ಬಿಟ್ಟು, ಮೇಲೊಂದು ಸುತ್ತು ಕೆಳಗೊಂದು ಸುತ್ತು, ಎಂಟರ ಆಕಾರದಲ್ಲಿ ಸುತ್ತಿದರು. ಒಳಗೆ ಬೆರಳು ತೂರಿಸಿ ಬಿಗಿ ನೋಡಿದರು. ಒಂದು ಬೆರಳು ಹೋಗಬೇಕು, ಎರಡು ಹೋಗಬಾರದಂತೆ. ಮೇಷ್ಟ್ರು ಎದ್ದು ನಿಂತು ಎರಡು ಹೆಜ್ಜೆ ಇಟ್ಟು, ‘ಹಿಡಿತ ಇದೆಯಮ್ಮ’ ಅಂದರು. ನನ್ನ 26 ವರ್ಷದ ಹೊಲಿಗೆಯಲ್ಲಿ ಇಷ್ಟು ಸಂತೋಷ ಕೊಟ್ಟ ಕೆಲಸ ಕಡಿಮೆ.

ಅಲ್ಲಿಂದ ಮುಂದೆ ನಮ್ಮದು ಗಂಟೆಗೆ ಒಂದೂವರೆ ಕಿಲೋಮೀಟರ್ ಲೆಕ್ಕ. ಅಣ್ಣ ಒಂದು ಸಲವೂ ‘ಬೇಗ’ ಅನ್ನಲಿಲ್ಲ. ಮುಂದೆ ಹೋಗಿ ಎಳೆಯಲೂ ಇಲ್ಲ, ಕೈ ಹಿಡಿದು ನಡೆಸಲೂ ಇಲ್ಲ. ಎರಡು ಹೆಜ್ಜೆ ಹಿಂದೆ, ಅಷ್ಟೇ. ಮಾತು ಮಾತ್ರ ಬಿಡಲಿಲ್ಲ. ಕೆಮ್ಮಣ್ಣುಗುಂಡಿಯ ಮಣ್ಣು ಯಾಕೆ ಕೆಂಪು, ಇಲ್ಲಿಯ ಅದಿರು ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಹೇಗೆ ಹೋಗುತ್ತಿತ್ತು, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ಇಳಿದುಕೊಳ್ಳುತ್ತಿದ್ದುದು, ಎಲ್ಲ ಹೇಳಿದರು. ಮೇಷ್ಟ್ರು ಇತಿಹಾಸ ಪಾಠ ಮಾಡುತ್ತಿದ್ದವರು. ಒಂದು ಹಂತದಲ್ಲಿ ಇವರಿಬ್ಬರ ಮಾತಿನಲ್ಲಿ ಮಂಡಿ ಮರೆತೇ ಹೋಗಿತ್ತು. ಇದನ್ನು ಯಾವ ಜಾಹೀರಾತಿನಲ್ಲೂ ಬರೆಯುವುದಿಲ್ಲ ನೋಡಿ. ನಾನು ಕೊಟ್ಟ ದುಡ್ಡಿನಲ್ಲಿ ಅರ್ಧ ಇದಕ್ಕೇ ಸಂದಿತು ಅಂದುಕೊಂಡಿದ್ದೇನೆ.

ಈಗ ಎರಡನೇ ದೂರು. ಈ ತಂಡದಲ್ಲಿ ಒಂದು ನಿಯಮ ಇದೆ: ದಾರಿ ಎರಡಾಗಿ ಒಡೆಯುವ ಕಡೆಯಲ್ಲೆಲ್ಲ ಮುಂದಿನವರು ನಿಲ್ಲಬೇಕು, ಕೊನೆಯವರು ಬಂದು ಸೇರಿದಮೇಲೇ ಹೊರಡಬೇಕು. ಮೂರು ದಿನ ಇದು ತಪ್ಪಲಿಲ್ಲ. ಕೊನೇ ದಿನ ಲೀಡರ್ ಹುಡುಗ ಒಂದು ಕವಲಿನಲ್ಲಿ ನಿಲ್ಲದೆ, ಮಣ್ಣಿನ ಮೇಲೆ ಬಾಣದ ಗುರುತು ಎಳೆದು ಹೋಗಿಬಿಟ್ಟ. ನಡುವೆ ಬರುತ್ತಿದ್ದ ಇಬ್ಬರು ಹುಡುಗರಿಗೆ ಆ ಗುರುತು ಕಾಣಲಿಲ್ಲ. ಎಸ್ಟೇಟಿನೊಳಗೆ ಹೋಗುವ ದಾರಿ ಹಿಡಿದರು. ನಾವು ಕವಲಿಗೆ ಬಂದಾಗ ಅಣ್ಣ ನೆಲ ನೋಡಿದರು. ಬಾಣದ ಪಕ್ಕದಲ್ಲಿ, ಬೇರೆ ದಿಕ್ಕಿಗೆ ಎರಡು ಜೊತೆ ಶೂ ಗುರುತು. ಮೂರು ಸಲ ವಿಷಲ್ ಊದಿದರು. ಉತ್ತರ ಇಲ್ಲ. ನಮ್ಮನ್ನು ಅಲ್ಲೇ ಕೂರಿಸಿ, ‘ಕದಲಬೇಡಿ, ಹತ್ತು ನಿಮಿಷಕ್ಕೊಂದು ಸಲ ನೀವೂ ಊದಿ’ ಅಂತ ಇನ್ನೊಂದು ವಿಷಲ್ ಕೊಟ್ಟು ಹೋದರು.

ನಲವತ್ತು ನಿಮಿಷ. ಆ ನಲವತ್ತು ನಿಮಿಷ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಆ ಇಬ್ಬರಲ್ಲಿ ಒಬ್ಬ ಇನ್ನೂ 19ರ ಹುಡುಗ. ಈ ಬೆಟ್ಟಗಳ ಪಕ್ಕದಲ್ಲೇ ಭದ್ರಾ ಹುಲಿ ಕಾಡು. ಕೊನೆಗೆ ಮೂರೂ ಜನ ವಾಪಸ್ ಬಂದರು. ಎಸ್ಟೇಟಿನಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಹುಡುಗರನ್ನು ನೋಡಿ, ‘ಎಲ್ಲಿಗೆ ಹೊರಟ್ರಪ್ಪ ನೀವು? ಈ ದಾರಿ ಕೂಲಿಯವರ ಲೈನ್ ಮನೆಗೆ ಹೋಗೋದು’ ಅಂತ ನಿಲ್ಲಿಸಿ ಕೂರಿಸಿಕೊಂಡಿದ್ದರಂತೆ, ಕುಡಿಯಲು ನೀರೂ ಕೊಟ್ಟಿದ್ದರಂತೆ. ಅಣ್ಣ ಹುಡುಗರಿಗೆ ಬೈಯಲಿಲ್ಲ. ಅವರ ಬಾಯಿಂದ ಒಂದೇ ಮಾತು ಬಂತು, ‘ತಪ್ಪು ನಿಮ್ದಲ್ಲ, ನಮ್ದು.’

ಕಾಯುತ್ತಾ ಕೂತಿದ್ದಾಗಲೇ ಇಂಬಳ ಹತ್ತಿದ್ದು. ಮೇಷ್ಟ್ರ ಹೆಂಡತಿಯ ಕಾಲುಚೀಲದ ಮೇಲೆ ಒಂದು, ಆಗಲೇ ಉಬ್ಬಿತ್ತು. ಅವರು ಹೆದರಿ ಕಿತ್ತು ಹಾಕಲು ಹೋದರು, ನಾನು ಕೈ ಹಿಡಿದೆ. ಕೋಲಿನ ಬುಡದ ಉಪ್ಪಿನ ಗಂಟನ್ನು ನೀರಿಗೆ ಅದ್ದಿ ಮುಟ್ಟಿಸಿದರೆ ಸಾಕು, ಮುದುರಿಕೊಂಡು ಬಿದ್ದುಹೋಗುತ್ತದೆ. ಹಾಗೇ ಆಯಿತು. ರಕ್ತ ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇರುತ್ತದೆ. ಹೆದರುವಂಥದ್ದಲ್ಲ, ಒತ್ತಿ ಹಿಡಿದರೆ ನಿಲ್ಲುತ್ತದೆ. ಮಿಕ್ಕ ವೇಲಿನ ತುಂಡು ಅದಕ್ಕೂ ಆಯಿತು.

ಮೂರನೇ ದೂರು ಹೆಂಗಸರದು, ಬರೆಯದೆ ಬಿಡುವುದಿಲ್ಲ. ಮೂರು ದಿನ ದಾರಿಯಲ್ಲಿ ಎರಡು ಕಡೆ ಸಣ್ಣ ಟೆಂಟ್ ಕಟ್ಟಿ ಶೌಚಕ್ಕೆ ಮರೆ ಮಾಡಿಕೊಟ್ಟಿದ್ದರು. ಗುಂಡಿ, ಮಣ್ಣು, ಚಿಕ್ಕ ಸಲಿಕೆ, ಎಲ್ಲ ಅಚ್ಚುಕಟ್ಟು. ಕೊನೇ ದಿನ ಆ ಟೆಂಟನ್ನು ಬೆಳಗ್ಗೆಯೇ ಸಾಮಾನಿನ ಜೀಪಿಗೆ ಹಾಕಿ ಕೆಳಗೆ ಕಳಿಸಿಬಿಟ್ಟರು. ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಏನೂ ಇಲ್ಲ. ಏಳು ಹೆಂಗಸರಲ್ಲಿ ನಾಲ್ವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಬಿಸಿಲಲ್ಲಿ ನಡೆಯುವಾಗ ಇದು ಒಳ್ಳೆಯದಲ್ಲ, ಕಾಲು ಸೆಳೆತ ಬರುತ್ತದೆ, ತಲೆ ಸುತ್ತುತ್ತದೆ. ಇದನ್ನು ಹೇಳಿದಾಗ ಲೀಡರ್ ಹುಡುಗ, ‘ಕೊನೇ ದಿನ ಅಲ್ವಾ ಅಕ್ಕ, ಬೇಗ ಮುಗೀತದೆ ಅಂದ್ಕೊಂಡ್ವಿ’ ಅಂದ. ಇದೇ ನಾನು ಹೇಳುತ್ತಿರುವುದು. ಕೊನೇ ದಿನ ಅಂತ ಎಲ್ಲವನ್ನೂ ಅರ್ಧ ಕಟ್ಟಿಟ್ಟಿರುತ್ತಾರೆ.

ಊಟದ ವಿಷಯವೂ ಅಷ್ಟೆ. ಬಾಳೆಲೆಯಲ್ಲಿ ಕಟ್ಟಿಕೊಟ್ಟ ಚಿತ್ರಾನ್ನ ಚೆನ್ನಾಗಿತ್ತು, ಆದರೆ ನಾವು ತಿಂದದ್ದು ಎರಡೂವರೆಗೆ. ಅಷ್ಟು ಹೊತ್ತಿಗೆ ಒಣಗಿತ್ತು. ಜೊತೆಗೊಂದು ಸೌತೆಕಾಯಿ, ಒಂದು ಕಿತ್ತಳೆ ಇದ್ದಿದ್ದರೆ ಸಾಕಿತ್ತು.

ಕೆಳಗಿನ ತೋಟದ ದಾರಿ ಮಾತ್ರ ನನಗೆ ಇಡೀ ನಾಲ್ಕು ದಿನದಲ್ಲಿ ಇಷ್ಟವಾದ ಜಾಗ. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪು ಹಣ್ಣು ತುಂಬಿದ ಗಿಡ. ಹಣ್ಣು ಕೊಯ್ಯುವವರ ಬೆರಳು ಓಡುವುದನ್ನು ನಿಂತು ನೋಡಿದೆ. ಹಸಿರು ಕಾಯಿ ಬಿಟ್ಟು, ಕೆಂಪು ಹಣ್ಣನ್ನು ಮಾತ್ರ, ತೊಟ್ಟು ಗಿಡದಲ್ಲೇ ಉಳಿಯುವ ಹಾಗೆ ತಿರುವಿ ಕೀಳುತ್ತಾರೆ. ಅದೇ ತೊಟ್ಟಿನ ಹತ್ತಿರ ಮುಂದಿನ ವರ್ಷದ ಹೂವಿಗೆ ಜಾಗ ಇರಬೇಕಂತೆ. ಕಾಜಾ ಹೊಲಿಯುವವರ ಕೈ ನೆನಪಾಯಿತು. ಪಲ್ಪರ್ ಯಂತ್ರದಲ್ಲಿ ಸುಲಿದ ಹಣ್ಣಿನ ಸಿಪ್ಪೆಯ ಹುಳಿ ವಾಸನೆ ದೂರದಿಂದಲೇ ಬರುತ್ತಿತ್ತು. ಈ ಭಾಗದಲ್ಲಿ ಅವಸರ ಮಾಡಬೇಡಿ.

ಕಲ್ಲತ್ತಿಗಿರಿ ಮುಟ್ಟಿದಾಗ ನಾಲ್ಕೂ ಹತ್ತು. ಮುಂದಿನವರು ಒಂದೂವರೆಗೇ ಬಂದು ನೀರಿಗಿಳಿದು ಬಟ್ಟೆ ಒಣಗಿಸಿಕೊಂಡಿದ್ದರು. ವಿಜಯನಗರ ಕಾಲದ ವೀರಭದ್ರ ದೇವಸ್ಥಾನ, ಎದುರಿಗೆ ಕಲ್ಲಾನೆಗಳು, ಬಂಡೆ ಸಂದಿಯಿಂದ ಇಳಿಯುವ ನೀರು. ಸೋಮವಾರ ಆದ್ದರಿಂದ ಜನ ಕಡಿಮೆ. ಮೇಷ್ಟ್ರು ಪ್ಯಾಂಟು ಮಡಚಿ, ಪಟ್ಟಿ ಬಿಚ್ಚದೆ ನೀರಲ್ಲಿ ಕಾಲು ಬಿಟ್ಟು ಕೂತರು. ನನ್ನ ಅಕ್ಕನ ಮಗಳು ಓಡಿ ಬಂದು ತಬ್ಬಿಕೊಂಡಳು. ‘ಚಿಕ್ಕಮ್ಮ, ನೀನಿಲ್ದೆ ಮುಂದೆ ಹೋಗಬಾರ್ದಿತ್ತು’ ಅಂದಳು. ಅವಳ ಕಣ್ಣು ಕೆಂಪಾಗಿತ್ತು. ಮೂರು ಗಂಟೆ ಅವರಿಗೂ ನಮ್ಮ ಸುದ್ದಿ ಇರಲಿಲ್ಲ.

ಅಣ್ಣ ಅಲ್ಲಿಗೆ ಬಂದು ಮಾಡಿದ ಮೊದಲ ಕೆಲಸ ತಲೆ ಎಣಿಸಿದ್ದು. 14. ಇನ್ನೊಂದು ಸಲ ಎಣಿಸಿದರು. ಆಮೇಲೆ ಎರಡೂ ಬ್ಯಾಗ್ ಇಳಿಸಿದರು.

ತರೀಕೆರೆಗೆ ಕರೆದೊಯ್ಯುವ ಮಿನಿ ಬಸ್ಸು ಒಂದೂಕಾಲು ಗಂಟೆ ತಡವಾಗಿ ಬಂತು. ಅದು ಬೇರೆಯವರ ಗಾಡಿ, ಆದರೂ ಹೊಣೆ ಇವರದೇ. ಲೀಡರ್ ಹುಡುಗ ತನ್ನ ಕೈಯಿಂದ ಎಲ್ಲರಿಗೂ ಮೆಣಸಿನಕಾಯಿ ಬಜ್ಜಿ, ಟೀ ಕೊಡಿಸಿದ. ಅಲ್ಲೇ ನಿಂತು, ಎಲ್ಲರ ಮುಂದೆ, ಕವಲಿನಲ್ಲಿ ನಿಲ್ಲದೆ ಹೋದದ್ದು ತನ್ನ ತಪ್ಪು ಅಂತ ಹೇಳಿದ. ನೆಪ ಹೇಳಲಿಲ್ಲ. 24–25ರ ಹುಡುಗ. ನನಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಔಷಧಿ ಬ್ಯಾಗ್ ವಿಷಯ, ಟೆಂಟ್ ವಿಷಯ ಎರಡನ್ನೂ ನಾನು ಹೇಳಿದೆ. ಅವನು ಫೋನಿನಲ್ಲಿ ಬರೆದುಕೊಂಡ. ಮೊನ್ನೆ ಮೆಸೇಜ್ ಬಂತು: ಜನವರಿ ಗುಂಪಿಗೆ ಎರಡು ಔಷಧಿ ಬ್ಯಾಗ್, ಒಂದು ಅಣ್ಣನ ಹತ್ತಿರ. ಟೆಂಟ್ ಕೊನೇ ದಿನವೂ ಗುಂಪಿನ ಜೊತೆಗೇ ಬರುತ್ತದಂತೆ.

ಯಾರು ಹೋಗಬಹುದು ಅಂತ ಕೇಳುತ್ತೀರಿ. ದಿನಾ ಐದು ಕಿಲೋಮೀಟರ್ ನಡೆದು ಅಭ್ಯಾಸ ಇರುವ ಯಾರೇ ಆಗಲಿ ಹೋಗಬಹುದು, ಐವತ್ತು ದಾಟಿದವರೂ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಅಭ್ಯಾಸ ಮಾಡಿ. ನಾನು ಬರೀ ಪಾರ್ಕಿನ ಸಮ ನೆಲದಲ್ಲಿ ನಡೆದು ಹೋಗಿದ್ದೆ, ಅದು ಸಾಲದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಭಾರ ಹಿಡಿಯಬೇಕು. ಅದರ ನೋವು ಅವತ್ತು ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಬುಧವಾರ ಅಂಗಡಿಯ ಎರಡು ಮೆಟ್ಟಿಲು ಇಳಿಯಲು ಬಾಗಿಲು ಹಿಡಿದುಕೊಂಡೆ. ವಾಪಸ್ ಬಂದಮೇಲೆ ಎರಡು ದಿನ ಕೆಲಸ ಇಟ್ಟುಕೊಳ್ಳಬೇಡಿ.

ಹೆಬ್ಬೆ ಜಲಪಾತ ಈ ನಡಿಗೆಯಲ್ಲಿ ಇಲ್ಲ. ಅದಕ್ಕೆ ಜೀಪಿನಲ್ಲಿ ಬೇರೆ ದಾರಿ. ನೋಡಲೇಬೇಕು ಅನ್ನುವವರು ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಯಾವ ತಂಡದ ಜೊತೆ ಹೋದರೂ ಫೋನಿನಲ್ಲೇ ಈ ಪ್ರಶ್ನೆಗಳನ್ನು ಕೇಳಿ: ಕೊನೇ ದಿನ ಹಿಂದೆ ಯಾರು ನಡೆಯುತ್ತಾರೆ, ಅವರಿಗೆ ಎಷ್ಟು ವರ್ಷದ ಅನುಭವ, ಔಷಧಿ ಯಾರ ಹತ್ತಿರ ಇರುತ್ತದೆ. ‘ಅದೆಲ್ಲ ನಾವು ನೋಡ್ಕೋತೀವಿ’ ಅಂತ ಉತ್ತರ ಬಂದರೆ ಇನ್ನೊಬ್ಬರನ್ನು ಹುಡುಕಿ. ಈ ತಂಡಕ್ಕೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಅಣ್ಣ ಇಲ್ಲದಿದ್ದರೆ ಎರಡೂವರೆ.

ಬಸ್ಸು ಹೊರಡುವ ಮೊದಲು ಅಣ್ಣ ಎಲ್ಲರ ಕೋಲು ವಾಪಸ್ ಇಸಿದುಕೊಂಡರು. ‘ಗುಂಪಿಗೊಂದು ಸಲ ಬಿದಿರು ಕಡಿಯೋಕಾಗ್ತದಾ ಅಕ್ಕ’ ಅಂದರು. ಹದಿನಾಲ್ಕನ್ನೂ ಹಗ್ಗದಲ್ಲಿ ಕಟ್ಟಿ ಜೀಪಿನ ಮ್ಯಾಲೆ ಹಾಕಿದರು, ನನ್ನ ನೀಲಿ ದಾರದ್ದೂ ಅದರೊಳಗೆ. ನಾನು ಕೋಲು ಕೊಟ್ಟು ಅವರ ಬಾಡಿಗೆ ಬ್ಯಾಗ್ ಎರಡನ್ನು ಕೇಳಿ ತಂದೆ. ಒಂದರ ಹೆಗಲು ಪಟ್ಟಿ ಮೂರನೇ ದಿನವೇ ಕಿತ್ತಿತ್ತು, ಇನ್ನೊಂದರದು ಕೀಳುವುದರಲ್ಲಿತ್ತು. ಭಾರ ಬೀಳುವ ಆ ಜಾಗಕ್ಕೆ ಒಂದೇ ಗೆರೆ ಹೊಲಿಗೆ ಹಾಕಿದ್ದಾರೆ, ಅದು ನಿಲ್ಲುವುದಿಲ್ಲ. ಚೌಕ ಹೊಲಿದು, ಅದರೊಳಗೆ ಇಂಟು ಗುರುತಿನ ಹಾಗೆ ಮೂಲೆಯಿಂದ ಮೂಲೆಗೆ ಎರಡು ಸಲ ಓಡಿಸಬೇಕು. ನೈಲಾನ್ ದಾರ, 18ನೇ ನಂಬರ್ ಸೂಜಿ. ಒಂದು ನಿನ್ನೆ ಮುಗಿಯಿತು. ಇನ್ನೊಂದು ಇವತ್ತು ಸಂಜೆ ಮುಗಿಸಿ, ನಾಳೆ ಬೇಲೂರು ಮೇಲೆ ಹೋಗುವ ಚಿಕ್ಕಮಗಳೂರು ಬಸ್ಸಿಗೆ ಹಾಕಿ ಕಳಿಸಬೇಕು.